ಅಪ್ಪ ಹಾಕಿದ ಮಂಕು ಬಲ್ಬು

"ಅಜ್ಜಿ, ಪ್ಲೀಸ್, ಇವತ್ತೊಂದಿನ ವಿಭೂತಿ ಬೇಡ!"

ಕಳೆದ ಭಾನುವಾರ ನನ್ನ ಮಗಳು ಸಹನಾ ಅಜ್ಜಿಯ ಕೈ ಹಿಡಿದುಕೊಂಡು ಅಳುವುದೊಂದು ಬಾಕಿ.

ವಿಜಯನಗರದ ಚೌಲ್ಟ್ರಿಯಲ್ಲಿ ಅವಳ ನಿಶ್ಚಿತಾರ್ಥ. ಹಣೆ ತುಂಬ ಮೊಡವೆ. ಬ್ಯೂಟಿಷಿಯನ್ ಬೆಳಗಿನಿಂದ ಕೂತು ಕನ್ಸೀಲರ್, ಫೌಂಡೇಶನ್ ಎಂದು ಗೋಡೆಗೆ ಪುಟ್ಟಿ ಬಳಿದ ಹಾಗೆ ಬಳಿದು ಎಲ್ಲವನ್ನೂ ಮುಚ್ಚಿದ್ದಳು. ನಮ್ಮಮ್ಮನೋ, ವಿಭೂತಿ ಇಡದೆ ಮಣೆ ಮೇಲೆ ಕೂರಿಸುವವರಲ್ಲ. ಅದೂ ಹೇಗೆ? ಬೆರಳು ನೀರಿನಲ್ಲಿ ಅದ್ದಿ, ಗಟ್ಟಿ ಉಜ್ಜಿ, ಹಣೆಯ ಈ ತುದಿಯಿಂದ ಆ ತುದಿಗೆ ಎಳೆಯಬೇಕು!

"ವಿನಯ್ ನನ್ನನ್ನ ಮೇಕಪ್ ಇಲ್ದೆ ನೋಡೇ ಇಲ್ಲಮ್ಮಾ," ಎಂದು ಮಗಳು ನನ್ನ ಕಿವಿಯಲ್ಲಿ ಹೇಳಿದಳು. (ವಿನಯ್ ಅಂದರೆ ಮದುವೆ ಗಂಡು. ಫೋನಿನಲ್ಲಿ ಫಿಲ್ಟರ್, ಕಾಫಿ ಶಾಪಿನಲ್ಲಿ ಫೌಂಡೇಶನ್!)

ರಾಜಾಜಿನಗರದ ನಮ್ಮ ಹಳೆಯ ಮನೆ ನೆನಪಾಯಿತು. ಆಗ ಕನ್ಸೀಲರ್ ಎಲ್ಲಿತ್ತು? ಅಮ್ಮ ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯ್ದು ನನ್ನ ಮೊಡವೆಗೆ ಹಚ್ಚುತ್ತಿದ್ದರು. (ಉರಿಯುತ್ತಿತ್ತು. ಆ ವಾಸನೆ ಮಾತ್ರ ಈಗಲೂ ಇಷ್ಟ.) ನನ್ನನ್ನು ನೋಡಲು ಗಂಡಿನವರು ಬರುವ ಸಂಜೆ ಅಪ್ಪ ಸ್ಟೂಲ್ ಹತ್ತಿ ನಡುಮನೆಯ ಟ್ಯೂಬ್‌ಲೈಟ್ ಬಿಚ್ಚಿ, ಬಚ್ಚಲಮನೆಯ ಮಂಕು ಬಲ್ಬು ತಂದು ಹಾಕಿದರು.

"ಇದ್ರಲ್ಲಿ ಮಗು ಮುಖ ಚೆನ್ನಾಗ್ ಕಾಣುತ್ತೆ," ಎಂದರು. ಅಪ್ಪ ಈಗಿಲ್ಲ. ಆ ಹಳದಿ ಬೆಳಕು ಇವತ್ತಿಗೂ ಕಣ್ಣ ಮುಂದಿದೆ.

ಅಷ್ಟರಲ್ಲಿ ಅಮ್ಮ ಸಹನಾಳ ಹಣೆಗೆ ವಿಭೂತಿ ಎಳೆದೇಬಿಟ್ಟರು! ಕನ್ಸೀಲರ್ ಅವರ ಬೆರಳಿಗೆ ಬಂತು. ವಿಭೂತಿಯ ಪಟ್ಟೆಗಳ ನಡುವೆ ಕೆಂಪು ಮೊಡವೆಗಳು. ಸಹನಾ ತಗ್ಗಿಸಿದ ತಲೆ ಎತ್ತಲಿಲ್ಲ.

ಅಮ್ಮ ಬೆರಳು ತೊಳೆದುಕೊಂಡು ವಿನಯ್ ಕಡೆ ತಿರುಗಿದರು. "ಬಾಪ್ಪಾ, ನೀನೂ."

ಅವನು ಹಿಂದೆ ಸರಿದ. "ಅಜ್ಜಿ, ನಂಗೆ... ಸ್ವಲ್ಪ ಸಣ್ಣದಾಗಿ ಇಡಿ."

ಅಮ್ಮನ ಹತ್ತಿರ ಸಣ್ಣದೆಂಬುದು ಎಲ್ಲಿದೆ? ಎಳೆದರು. ಬೆರಳಿಗೆ ಮತ್ತೆ ಅದೇ ಮೈಬಣ್ಣದ ಕ್ರೀಮು! ಅವನ ಹಣೆಯಲ್ಲೂ ಮೊಡವೆ.

ಸಹನಾ ತಲೆ ಎತ್ತಿದಳು. "ನೀನೂನಾ?"

ಅವನು ನಾಚಿಕೊಂಡು ಹೂಂ ಎಂದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಫೋಟೋದವನು ಕ್ಯಾಮೆರಾ ಹಿಡಿದು ಕಾಯಬೇಕಾಯಿತು.

ಆ ನಗುವಿನ ನಡುವೆ, ಇಷ್ಟು ವರ್ಷದಲ್ಲಿ ಮೊದಲ ಸಲ, ನಮ್ಮ ಯಜಮಾನರಿಗೆ ಅಪ್ಪನ ಬಲ್ಬಿನ ಕಥೆ ಹೇಳಿದೆ. ಅವರು ಹಳೇ ಮೊಡವೆಗಳಿಂದ ಹಳ್ಳ ಬಿದ್ದ ತಮ್ಮ ಕೆನ್ನೆ ಸವರಿಕೊಂಡರು.

"ಅವತ್ತು ಟ್ಯೂಬ್‌ಲೈಟ್ ಇದ್ದಿದ್ರೆ ನಾನು ಈ ಮುಖ ಹೊತ್ಕೊಂಡು ಬಾಗ್ಲಿಂದಾನೇ ವಾಪಸ್ ಹೋಗ್ಬಿಡ್ತಿದ್ದೆ ಕಣೇ!"