ಮುಷ್ಟಿಯನ್ನು ಮುಖಕ್ಕೆ ತಾಗಿಸಿದವನು

ಯಿಮ್ ಸಾಂಗನ ಅಜ್ಜ ಯಿಮ್ ಹಾ-ಟಿನ್ ಚೀನಾದ ಫೋಶಾನ್ ಸೀಮೆಯವನು. ಕೆಂಪು ದೋಣಿಗಳಲ್ಲಿ ಊರೂರು ತಿರುಗಿ ಆಟ ಆಡುತ್ತಿದ್ದ ಮೇಳದಲ್ಲಿ ಜಾಗಟೆ ಬಡಿಯುವುದು ಅವನ ಕೆಲಸ. ಒಂದು ಬೆಳಗ್ಗೆ ಹೊಳೆಯ ಮೇಲೆ ಮಂಜು ಎಂಥದ್ದು ಕವಿಯಿತೆಂದರೆ, ಒಂದು ದೋಣಿಗೆ ಇನ್ನೊಂದು ದೋಣಿ ಕಾಣದೆ ಮೇಳವೇ ದಿಕ್ಕುಗೆಟ್ಟಿತು. ಹಾ-ಟಿನ್ ಮುಂದಿನ ದೋಣಿಯ ಮೂತಿಯಲ್ಲಿ ನಿಂತು ಹೊತ್ತೇರುವ ತನಕ ಜಾಗಟೆ ಬಡಿದ. ಆ ಸದ್ದು ಹಿಡಿದುಕೊಂಡು ಉಳಿದ ದೋಣಿಗಳು ದಡ ಕಂಡವು. ಆಮೇಲೆ ಅವನ ಬೆರಳು ಬಾತುಕೊಂಡು, ಮೂರು ದಿನ ಊಟದ ಕಡ್ಡಿ ಹಿಡಿದು ಉಣ್ಣಲಾರದೆ ರಾಣಿ ವೇಷದವನ ಕೈಯಿಂದ ಉಣ್ಣಿಸಿಕೊಂಡನಂತೆ.

ಅವನ ಮಗ ಯಿಮ್ ಕಾಮ್-ಕಾವ್ ಹಾಂಗ್‌ಕಾಂಗಿಗೆ ಬಂದು ನೆಲೆನಿಂತ ಮದ್ದಳೆಗಾರ. ಒಮ್ಮೆ ತುಂಬಿದ ಸಭೆಯಲ್ಲಿ ಸೇನಾಪತಿಯ ವೇಷದವನ ಕೈಯಿಂದ ಭರ್ಜಿ ಜಾರಿತು. ಅದು ರಂಗದ ಹಲಗೆಗೆ ಬೀಳುವುದರೊಳಗೆ ಕಾಮ್-ಕಾವ್ ಮೂರು ಪೆಟ್ಟು ಹಾಕಿ, ನಾಲ್ಕನೆಯದನ್ನು ಕೈಯಲ್ಲೇ ಹಿಡಿದುಕೊಂಡ. ವೇಷದವನಿಗೆ ಸನ್ನೆ ತಿಳಿಯಿತು. ಕಾಲ್ಬೆರಳಿನಿಂದ ಭರ್ಜಿಯನ್ನು ಚಿಮ್ಮಿ ಹಿಡಿದ, ನಾಲ್ಕನೆಯ ಪೆಟ್ಟು ಬಿತ್ತು. ಜನ ಕುಣಿದುಬಿಟ್ಟರು. ಮರುದಿನದಿಂದ ಆ ಭರ್ಜಿ ದಿನವೂ ಜಾರತೊಡಗಿತು.

ಸಾಂಗ್ ಬೆಳೆದು ಕೈಗೆ ಬರುವಷ್ಟರಲ್ಲಿ ಆಟದ ಮನೆಗಳೆಲ್ಲ ಟಾಕೀಸುಗಳಾಗಿದ್ದವು. ಇಪ್ಪತ್ಮೂರನೆಯ ವಯಸ್ಸಿನಲ್ಲಿ ಅವನು ಕೌಲೂನಿನ ಹಿಂದಿನ ಗುಡ್ಡದ ಮೇಲಿದ್ದ ಸ್ಟುಡಿಯೊ ಸೇರಿದ. ಅಲ್ಲಿ ಕತ್ತಿವರಸೆಯ ಚಿತ್ರಗಳನ್ನು ಮೂಕವಾಗಿಯೇ ತೆಗೆಯುತ್ತಿದ್ದರು. ಕ್ಯಾಮರಾ ಗರಗರ ಅನ್ನಲಿ, ನಿರ್ದೇಶಕ ಅಪ್ಪ ಅಮ್ಮ ಹಿಡಿದು ಬೈಯಲಿ, ಯಾರಿಗೂ ಚಿಂತೆಯಿಲ್ಲ. ಮಾತು, ಸದ್ದು ಎಲ್ಲ ಆಮೇಲೆ ಕಿಟಕಿಯಿಲ್ಲದ ಕೋಣೆಯಲ್ಲಿ ಸೇರಬೇಕು.

ಚಿತ್ರದಲ್ಲಿ ಮುಷ್ಟಿ ಮುಖದಿಂದ ಗೇಣು ದೂರ ನಿಲ್ಲುತ್ತದೆ. ಹೊಡೆಸಿಕೊಳ್ಳುವವನ ಹೆಗಲ ಹಿಂದೆ ಕ್ಯಾಮರಾ ಇಟ್ಟು ಆ ಗೇಣನ್ನು ಮರೆಸುತ್ತಾರೆ. ಹಾರುವವನ ಸೊಂಟಕ್ಕೆ ಕಪ್ಪು ಬಳಿದ ತಂತಿ ಕಟ್ಟಿರುತ್ತದೆ. ಒದೆಯ ನಡುವಿನಿಂದ ಎರಡು ಚೌಕ ಫಿಲಂ ಕತ್ತರಿಸಿ ಎಸೆದರೆ ಕಾಲು ಮಿಂಚಿನ ಹಾಗೆ ಬಂದು ಬೀಳುತ್ತದೆ. ಇಷ್ಟೆಲ್ಲ ಮಾಡಿಯೂ ಸದ್ದಿಲ್ಲದೆ ನೋಡಿದರೆ ಇಬ್ಬರು ಹುಚ್ಚರು ಸೊಳ್ಳೆ ಓಡಿಸುತ್ತಿರುವಂತೆ ಕಾಣುತ್ತದೆ. ಆ ಮುಷ್ಟಿಯನ್ನು ಮುಖಕ್ಕೆ ತಾಗಿಸುವವನು ಸಾಂಗ್.

ಹಂದಿಮಾಂಸದ ತುಂಡಿಗೆ ಒದ್ದೆ ಚರ್ಮ ಸುತ್ತಿ ಗುದ್ದಿದರೆ ಎದೆಗೆ ಬಿದ್ದ ಏಟು. ಎಲೆಕೋಸಿನ ದಂಟು ಮುರಿದರೆ ಪಕ್ಕೆಲುಬು. ಗಂಜಿ ಹಾಕಿ ಒಣಗಿಸಿದ ದಪ್ಪ ಬಟ್ಟೆಯನ್ನು ಝಾಡಿಸಿದರೆ ಸನ್ಯಾಸಿಯ ಉದ್ದ ತೋಳಿನ ಬೀಸು. ಅಡುಗೆಮನೆಯ ಮಚ್ಚನ್ನು ಕಬ್ಬಿಣದ ಸೌಟಿಗೆ ಓರೆಯಾಗಿ ಸವರಿದರೆ ಸಾವಿರ ವರ್ಷದ ಹಿಂದಿನ ಖಡ್ಗ ಒರೆಯಿಂದ ಹೊರಬರುತ್ತದೆ. ಏಟಿಗಿಂತ ಮುಂಚಿನ ಆ ಒಂದು ಎಳೆ ಮೌನವನ್ನು ಮಾತ್ರ ಅವನು ಅಪ್ಪನ ಮದ್ದಳೆಯಿಂದ ತಂದಿದ್ದ. ಅದನ್ನು ಕದಿಯಲು ಬೇರೆ ಸ್ಟುಡಿಯೊದವರು ಅವನ ಚಿತ್ರಗಳನ್ನು ಮೂರು ಮೂರು ಸಲ ನೋಡುತ್ತಿದ್ದರು.

ಮದುವೆ ಆಗಲಿಲ್ಲ. ಮಾತಾಗಿದ್ದ ಹುಡುಗಿ ಮೇಳದ ಜೊತೆ ಸಿಂಗಪುರಕ್ಕೆ ಹೋದಳು. ಎರಡು ಕಾಗದ ಬಂದವು, ಆಮೇಲೆ ಬರಲಿಲ್ಲ. ಶಾಮ್ ಶುಯಿ ಪೋ ಅನ್ನುವ ಕೇರಿಯಲ್ಲಿ ಹಲಗೆ ಅಡ್ಡಗಟ್ಟಿದ ಗೂಡಿನಂಥ ಕೋಣೆ. ಹಲಗೆಯ ಆಚೆ ಯಾರಿದ್ದಾರೆಂದು ಅವನು ಕೆಮ್ಮಿನಿಂದಲೇ ಗುರುತಿಸುತ್ತಿದ್ದ. ಜೊತೆಗಿದ್ದದ್ದು ಪಂಜರದ ಒಂದು ಹಾಡುಹಕ್ಕಿ. ರಜಾದಿನ ಬೆಳಗ್ಗೆ ಅದನ್ನು ಟೀ ಅಂಗಡಿಗೆ ಒಯ್ದು, ಉಳಿದವರ ಪಂಜರಗಳ ಸಾಲಿನಲ್ಲಿ ತೂಗುಹಾಕಿ, ಅದು ಹಾಡುವಷ್ಟು ಹೊತ್ತು ಕೂರುತ್ತಿದ್ದ. ಮನುಷ್ಯರ ಜೊತೆ ಅವನ ಒಡನಾಟ ಅಷ್ಟೇ. ಹಕ್ಕಿಯನ್ನು ಹೊಗಳಿದರೆ ತಲೆಯಾಡಿಸುವುದು.

ನಲವತ್ತೈದು ದಾಟುವಾಗ ಆ ಹಕ್ಕಿ ಹಾಡು ನಿಲ್ಲಿಸಿತು. ಸಾಂಗ್ ಮಿಡತೆ ಹಿಡಿದು ತಿನ್ನಿಸಿದ, ಮೊಟ್ಟೆಯ ಹಳದಿಯಲ್ಲಿ ನವಣೆ ಕಲಸಿಟ್ಟ, ಪಂಜರ ಬಿಸಿಲಿಗಿಟ್ಟ, ನೆರಳಿಗಿಟ್ಟ. ಆಗಲಿಲ್ಲ. ಎರಡು ತಿಂಗಳು ಎಲ್ಲಿಗೂ ಒಯ್ಯದೆ ಮನೆಯಲ್ಲೇ ಇಟ್ಟು ನೋಡಿ, ಕೊನೆಗೆ ಟೀ ಅಂಗಡಿಯ ಮುದುಕನಿಗೆ ಕೊಟ್ಟುಬಿಟ್ಟ.

"ಮೂಗ ಆಗೋಯ್ತು. ನೋಡೋಕೆ ಚೆಂದ ಐತೆ, ಇಟ್ಕೊ" ಅಂದ.

ಮುದುಕ ಅವನ ಮುಖವನ್ನೇ ನೋಡಿದ. "ಏನ್ ತಮಾಷೆ ಮಾಡ್ತೀಯ ಸಾಂಗಣ್ಣ? ನೀನು ಬಾಗಿಲಿಗೆ ಬರೋಕ್ ಮುಂಚೆ ಇದರ ಕೂಗು ನನ್ನ ಒಲೆಗಂಟ ಬಂತಲ್ಲೋ!"

ಸಾಂಗ್ ಪಂಜರದತ್ತ ತಿರುಗಿದ. ಹಕ್ಕಿಯ ಕೊಕ್ಕು ತೆರೆದಿತ್ತು. ಗಂಟಲು ಪಟಪಟ ಬಡಿದುಕೊಳ್ಳುತ್ತಿತ್ತು. ಸುತ್ತ ಕೂತವರು ಟೀ ಬಟ್ಟಲು ಕೆಳಗಿಟ್ಟು ಕಣ್ಣುಮುಚ್ಚಿ ಕೇಳುತ್ತಿದ್ದರು. ಅವನಿಗೆ ಕೇಳಿಸಿದ್ದು ಬಟ್ಟಲುಗಳ ದಬದಬ ಮಾತ್ರ. "ತಮಾಷೆಗೆ ಅಂದೆ" ಎಂದು ಹೇಳಿ ನಕ್ಕ. ಕೊಟ್ಟದ್ದನ್ನು ಮಾತ್ರ ವಾಪಸು ಕೇಳಲಿಲ್ಲ. ಆಮೇಲೆ ಆ ಅಂಗಡಿಯ ಮೆಟ್ಟಿಲನ್ನೂ ಹತ್ತಲಿಲ್ಲ.

ಹುಟ್ಟಿದಾಗಿನಿಂದ ಅಪ್ಪನ ಮದ್ದಳೆ, ಮೇಳದ ಜಾಗಟೆಗಳ ಪಕ್ಕ ಮಲಗಿದ್ದ ಕಿವಿ ಅದು. ಸಣ್ಣ ಸದ್ದುಗಳು ಒಂದೊಂದಾಗಿ ಹೇಳದೆ ಕೇಳದೆ ಎದ್ದುಹೋಗಿದ್ದವು. ದಪ್ಪ ಸದ್ದುಗಳು ಉಳಿದಿದ್ದವು. ಸಾಂಗ್ ಯಾರಿಗೂ ಬಾಯಿಬಿಡಲಿಲ್ಲ. ಕೆಲಸದ ಕೋಣೆಯಲ್ಲಿ ಬರಿಗಾಲಲ್ಲಿ ನಿಲ್ಲತೊಡಗಿದ. ಮರದ ನೆಲ ಏಟನ್ನು ಅಂಗಾಲಿಗೆ ಮುಟ್ಟಿಸುತ್ತಿತ್ತು. ಧ್ವನಿ ಹಿಡಿಯುವ ಚೊಯ್ ಗಾಜಿನ ಆಚೆ ಕೂರುತ್ತಿದ್ದ. ಅವನ ಯಂತ್ರದಲ್ಲಿ ಸದ್ದು ತೋರಿಸುವ ಮುಳ್ಳು ಎಲ್ಲಿಗೆ ಹೋಗಿ ಬಂತೆಂದು ಸಾಂಗ್ ಕಣ್ಣಿನಿಂದಲೇ ಅಳೆದ. ಆದರೂ ಖಡ್ಗದ ಝಣಝಣ ತನಗೆ ಕೇಳುವ ತನಕ ಮಚ್ಚು ಸವರುತ್ತ ಹೋದದ್ದರಿಂದ, ಆ ವರ್ಷಗಳ ಚಿತ್ರಗಳಲ್ಲಿ ಕತ್ತಿಗಳು ಹಲ್ಲು ಜುಮ್ಮೆನ್ನುವಂತೆ ಕಿರುಚಿದವು. ಜನ ಅದನ್ನೇ ಮೆಚ್ಚಿದರು. "ಸಾಂಗಣ್ಣನ ಹೊಸ ವರಸೆ" ಅಂದರು. ಬೇರೆ ಸ್ಟುಡಿಯೊಗಳ ಕತ್ತಿಗಳೂ ಕಿರುಚತೊಡಗಿದವು. ಸೇವೆಗೆ ಇಪ್ಪತ್ತೈದು ವರ್ಷವಾಯಿತೆಂದು ಸ್ಟುಡಿಯೊದವರು ಅವನಿಗೆ ಕೈಗಡಿಯಾರ ಕಟ್ಟಿದರು.

ಆಗ ಬಂದವನು ನಿರ್ದೇಶಕ ಟೋಂಗ್. ಅವನ ಚಿತ್ರದ ಕೊನೆಯ ಕಾಳಗದಲ್ಲಿ ಒಬ್ಬ ಸನ್ಯಾಸಿನಿ, ಒಬ್ಬ ಖಡ್ಗವೀರ, ಮಳೆ ನಿಂತ ಮೇಲಿನ ಜೊಂಡಿನ ಬಯಲು.

"ನನಗೆ ಜಾಗಟೆ ಬೇಡ, ಕತ್ತಿ ಕಿರುಚಾಟ ಬೇಡ" ಅಂದ ಟೋಂಗ್. "ಹುಲ್ಲಿನಿಂದ ನೀರು ತೊಟ್ಟಿಕ್ಕೋದು, ಒದ್ದೆ ಮಣ್ಣಲ್ಲಿ ಹುಲ್ಲಿನ ಚಪ್ಪಲಿ, ತೋಳಿನ ಬಟ್ಟೆ ಮೈಗೆ ತಾಗೋದು. ಇಷ್ಟೇ ಸಾಕು. ಆಫೀಸಿನೋರು ಪರದೇಶದಿಂದ ಸದ್ದಿನ ಟೇಪುಗಳನ್ನ ತರಿಸ್ತೀವಿ, ಈ ಕೋಣೇನ ಗೋಡೌನ್ ಮಾಡ್ತೀವಿ ಅಂತ ಕೂತವ್ರೆ. ಈ ಒಂದು ರೀಲು ತೋರಿಸಿ ಅವರ ಬಾಯಿ ಮುಚ್ಚಿಸ್ತೀನಿ. ನಿಮ್ಮ ಕೈಲಿ ಐತೆ ಸಾಂಗಣ್ಣ."

ಆ ಕೋಣೆ ಹೋದರೆ ಸಾಂಗನಿಗೆ ಉಳಿಯುವುದು ಹಲಗೆಯ ಗೂಡು. ಈಗ ಅಲ್ಲಿ ಪಕ್ಕದವನ ಕೆಮ್ಮೂ ಕೇಳಿಸುತ್ತಿರಲಿಲ್ಲ.

ಮರಳು ತುಂಬಿದ ತಟ್ಟೆಗೆ ನೀರು ಚಿಮುಕಿಸಿ, ಹುಲ್ಲಿನ ಚಪ್ಪಲಿಗಳನ್ನು ಕೈಗೆ ತೊಟ್ಟು, ಮೈಕಿನ ಬುಡಕ್ಕೆ ಮೊಣಕಾಲೂರಿ ಕೂತ. ತೆರೆಯ ಮೇಲೆ ಸನ್ಯಾಸಿನಿ ನಡೆದಳು. ಸಾಂಗನ ಕೈಗಳು ನಡೆದವು. ಮುಳ್ಳು ಎಷ್ಟು ಅಲುಗಬೇಕೋ ಅಷ್ಟೇ ಅಲುಗಿತು. ಮೂರು ನಿಮಿಷದ ರೀಲು, ಒಂದೇ ಉಸಿರಿನಲ್ಲಿ ಮುಗಿಯಿತು. ಎಲ್ಲರೂ ಕೇಳಲೆಂದು ಚೊಯ್ ಅದನ್ನು ತಿರುಗಿಸಿ ಹಾಕಿದ. ತನ್ನ ಕೆಲಸ ಗೆದ್ದಿತೆಂದು ಸಾಂಗ್ ಬೆನ್ನು ನೆಟ್ಟಗೆ ಮಾಡಿ ನಿಂತ.

ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಅಣ್ಣಾ, ಸನ್ಯಾಸಿನಿ ಯಾವ ಕಂಪನಿ ವಾಚು ಕಟ್ಟವ್ಳೆ?" ಅಂದ ಟೋಂಗ್. ಕೋಣೆ ಘೊಳ್ಳೆಂದಿತು. ಉಳಿದವರು ನಕ್ಕಾದ ಮೇಲೆ ಸಾಂಗನೂ ನಕ್ಕ. ಅವರ ಕಣ್ಣು ತನ್ನ ಮಣಿಕಟ್ಟಿನ ಮೇಲಿರುವುದು ಆಮೇಲೆ ಕಂಡಿತು. ಗಡಿಯಾರ ಮೈಕಿನ ಬಾಯಲ್ಲೇ ಮೂರು ನಿಮಿಷ ಟಿಕ್‌ಟಿಕ್ ಅಂದಿತ್ತು. ಒಳಗೆ ಕಾಲಿಡುವ ಮೊದಲು ಗಡಿಯಾರ ಬಿಚ್ಚಿ ಮೊಳೆಗೆ ಹಾಕಬೇಕೆನ್ನುವುದು ಈ ಕೆಲಸದವರ ಮೊದಲ ಪಾಠ. ಎಷ್ಟೋ ಜನರನ್ನು ಅವನೇ ಬಾಗಿಲಲ್ಲಿ ತಡೆದು ಬಿಚ್ಚಿಸಿದ್ದ. ಕಟ್ಟಿದ ದಿನದಿಂದ ಅದರ ಸದ್ದು ಕೇಳಿದ್ದರೆ ತಾನೆ ಬಿಚ್ಚುವ ನೆನಪು ಬರುವುದು.

ಟೋಂಗ್ ನಗು ನಿಲ್ಲಿಸಿದ. "ಸುಸ್ತಾಗಿರ್ತದೆ. ನಾಳೆ ಬೆಳಗ್ಗೆ ಮಾಡೋಣ" ಎಂದಷ್ಟೇ ಹೇಳಿ ಹೊರಟ.

ಊಟದ ಮನೆಯಲ್ಲಿ ಲುಕ್ ವಾನ್‌ಫೇ ತನ್ನ ಅನ್ನದ ಬಟ್ಟಲು ಹಿಡಿದು ಅವನ ಬಳಿಗೆ ಬಂದಳು. ಹದಿನೈದು ವರ್ಷದಿಂದ ನಾಯಕಿಯರಿಗೆ ಕಂಠ ಕೊಡುತ್ತಿದ್ದವಳು, ಮುಖ ಯಾರಿಗೂ ಗೊತ್ತಿಲ್ಲದವಳು. ಹೆಚ್ಚು ಮಂದವಾಗಿದ್ದ ಅವನ ಎಡಗಿವಿಯ ಪಕ್ಕ ಬಿಟ್ಟು ಬಲಗಡೆ ಕೂತಳು.

"ನನಗೆ ಹೋದ ವರ್ಷವೇ ಗೊತ್ತು" ಅಂದಳು. "ನಾನು ಪಿಸುಮಾತು ಹೇಳೋ ಕಡೆ ನೀನು ನನ್ನ ತುಟಿ ನೋಡ್ತಿದ್ದೆ. ಮೊದಲು ಬೇರೆ ಏನೋ ಅಂದ್ಕೊಂಡು ಖುಷಿಪಟ್ಟೆ, ಮೂದೇವಿ ನಾನು."

ಸಾಂಗ್ ಸೊಪ್ಪಿನ ಎಸಳನ್ನು ಕಡ್ಡಿಯಿಂದ ಅತ್ತಿತ್ತ ಸರಿಸಿದ.

"ನಾಳೆ ನಿನ್ನ ಬೆನ್ನ ಹಿಂದೆ ನಿಂತ್ಕೋತೀನಿ. ಹೆಗಲ ಮೇಲೆ ಕೈ ಇಟ್ಟಿರ್ತೀನಿ. ಸದ್ದು ಜಾಸ್ತಿ ಆದ್ರೆ ಒತ್ತುತೀನಿ, ಕಮ್ಮಿ ಆದ್ರೆ ಎತ್ತುತೀನಿ. ಚೊಯ್‌ಗೂ ಹೇಳಿದೀನಿ, ಅವನು ಬಾಯಿಬಿಡೋಲ್ಲ."

"ಟೋಂಗ್?"

"ಅವನು ತೆರೆ ನೋಡ್ತಾನೋ, ನನ್ನ ಕೈ ನೋಡ್ತಾನೋ? ಉಣ್ಣು, ತಣ್ಣಗಾಗ್ತದೆ."

ಸಾಂಗ್ ಬಟ್ಟಲು ಎತ್ತಿಕೊಂಡ.

ಮರುದಿನ ಬೆಳಗ್ಗೆ ಅವಳು ಹೇಳಿದಂತೆಯೇ ನಿಂತಳು. ಹೆಗಲ ಮೇಲಿನ ಕೈ ಒಮ್ಮೆ ಒತ್ತಿತು, ಎರಡು ಸಲ ಹಗುರಾಯಿತು. ಸಾಂಗನ ಕೈಗಳು ಆ ಕೈ ಹೇಳಿದಂತೆ ಮರಳಿನ ಮೇಲೆ ನಡೆದವು. ಒದ್ದೆ ಬಟ್ಟೆ ಹಿಂಡಿದ, ತೋಳಿನ ಬಟ್ಟೆ ಸವರಿದ. ರೀಲು ಮುಗಿಯಿತು.

ತಿರುಗಿಸಿ ಹಾಕಿದಾಗ ಸಾಂಗ್ ತೆರೆ ನೋಡಲಿಲ್ಲ, ಜನರನ್ನು ನೋಡಿದ. ಟೋಂಗ್ ಕಣ್ಣುಮುಚ್ಚಿ, ತಲೆಯನ್ನು ಒಂಚೂರು ಓರೆ ಮಾಡಿಕೊಂಡಿದ್ದ. ಚೊಯ್ ಸುಡುತ್ತಿದ್ದ ಸಿಗರೇಟನ್ನು ಮರೆತಿದ್ದ. ವಾನ್‌ಫೇಯ ಬಾಯಿ ಎಳೆಯ ಮಗುವಿನಂತೆ ತೆರೆದುಕೊಂಡಿತ್ತು. ಮೂವರೂ ಆ ಜೊಂಡಿನ ಬಯಲಿನಲ್ಲಿದ್ದರು. ಸಾಂಗ್ ಅಂಗಾಲನ್ನು ನೆಲಕ್ಕೆ ಒತ್ತಿದ. ಅಷ್ಟು ಸಣ್ಣ ಸದ್ದು ಮರಕ್ಕೂ ತಾಗುತ್ತಿರಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ತನ್ನ ಕೈಯಿಂದ ಆದ ಕೆಲಸ ಹೇಗಿದೆಯೆಂದು ಬೇರೆಯವರ ಮುಖ ನೋಡಿ ತಿಳಿದುಕೊಂಡದ್ದು ಅದೇ ಮೊದಲು.

ಟೋಂಗ್ ಎದ್ದು ಬಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. "ಅಣ್ಣಾ, ಆಫೀಸಿನೋರು ಇನ್ನು ಉಸಿರೆತ್ತಲ್ಲ. ಕೋಣೆ ನಿಮ್ಮದೇ" ಅಂದು ರೀಲು ಎತ್ತಿಕೊಂಡು ಹೋದ. ಅವನ ಹಿಂದೆ ಚೊಯ್ ಹೋದ.

ಸಾಂಗ್ ತಟ್ಟೆಯ ಮರಳನ್ನು ಬಕೆಟ್ಟಿಗೆ ಸುರಿದ. ಚಪ್ಪಲಿಗಳ ಮಣ್ಣು ಒರೆಸಿ ಜೋಡಿಯಾಗಿ ಇಟ್ಟ. ವಾನ್‌ಫೇ ಉಬ್ಬಿಹೋಗಿದ್ದಳು.

"ನೋಡಿದ್ಯಾ? ಯಾವ ನರಪಿಳ್ಳೆಗೂ ತಿಳೀಲಿಲ್ಲ. ಇನ್ಮೇಲೆ ನನ್ನ ಕಂಠದ ಕೆಲಸ ಮುಗಿಸಿ ದಿನಾ ಬರ್ತೀನಿ. ನನಗೂ ಮನೆಗೆ ಹೋಗಿ ಮಾಡೋದೇನು, ಗೋಡೆ ನೋಡೋದು ತಾನೆ? ನಮ್ಮ ಭಾವ ಕಿವಿಗೆ ಹಾಕ್ಕೊಳ್ಳೋ ಮಿಷನ್ ಮಾರ್ತಾನೆ, ಅದನ್ನೂ ಕೇಳ್ತೀನಿ. ನಾಳೆ ಎಷ್ಟೊತ್ತಿಗೆ ಬರಲಿ?"

ಸಾಂಗ್ ಅವಳ ಕಡೆ ಪೂರ್ತಿ ತಿರುಗಿದ.

"ಬರಬೇಡ ತಂಗಿ. ಮಿಷನ್ನೂ ಬೇಡ. ನಿನ್ನ ಮೇಲೆ ಸಿಟ್ಟಿಲ್ಲ, ನೀನು ಸರಿಯಾಗೇ ಮಾಡಿದೆ. ಆ ಸನ್ಯಾಸಿನಿ ಇವತ್ತು ನಡೆದದ್ದು ನಿನ್ನ ಕಿವಿಯಿಂದ. ನಾನು ಬರೀ ಮಣ್ಣು ಕಲಸಿದೆ. ಅವಳು ಹೆಂಗೆ ನಡೆದ್ಲು ಅಂತ ನಿಮಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ನನ್ನ ಹೆಸರು ಹಾಕ್ಕೊಂಡು ದಿನಾ ಇಲ್ಲಿ ಮಂಡಿಯೂರಲಾರೆ. ಟೋಂಗ್‌ಗೆ ನಾನೇ ಹೋಗಿ ಕಿವಿ ಕೆಟ್ಟೈತೆ ಅಂತ ಹೇಳ್ತೀನಿ. ನೀನು ಜೊತೆಗೆ ಬರೋದು ಬೇಡ."