ಪರಸಿ ಕಲ್ಲಿನ ರೇಡಿಯೊ

ಮದುವೆಯಾಗಿ ಸೇಡಂಗೆ ಬಂದಾಗ ನನ್ನ ಜೊತೆ ಒಂದು ತಗಡಿನ ಡಬ್ಬಿಯೂ ಬಂದಿತ್ತು. ಒಳಗೆ ಇಕ್ಕಳ, ಸ್ಕ್ರೂಡ್ರೈವರ್, ಬೆಸುಗೆ ಹಾಕುವ ಸಲಾಕೆ. ನನ್ನಪ್ಪ ತವರೂರು ವಾಡಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ. ಅವನ ಪಕ್ಕ ಕೂತೇ ನಾನು ಕಲಿತೆ. ಅತ್ತೆಗೆ ಮಾತ್ರ ಆ ಡಬ್ಬಿ ಕಂಡರಾಗದು. ಮನೆಗೊಂದು ರೇಡಿಯೊ ಬೇಕೆಂಬ ಮಾತು ಬಂದಾಗ, ಅಂಗಡಿಯ ಸೆಟ್ಟಿನ ಅರ್ಧ ಬೆಲೆಗೆ ನಾನೇ ಕಟ್ಟುತ್ತೇನೆ ಎಂದೆ.

“ಕಟ್ಟವಾ. ಆದ್ರ ಅದು ಮಾತಾಡ್ಲಿಲ್ಲಂದ್ರ ನಿನ್ನ ಡಬ್ಬಿ ವಾಡಿಗಿ ವಾಪಸ್ ಹೋಗ್ತದ,” ಅಂದರು ಅತ್ತೆ.

ಒಪ್ಪಿದೆ. ಸೊಕ್ಕು ನನಗೂ ಸ್ವಲ್ಪ ಇತ್ತು, ಈಗಲೂ ಇದೆ.

ಬಿಡಿಭಾಗ ಕೊಳ್ಳಲು ಗಂಡನ ಜೊತೆ ಹೈದರಾಬಾದಿಗೆ ಹೋದೆ. ಪ್ರಶ್ನೆ ನನ್ನದು, ಅಂಗಡಿಯವನು ಉತ್ತರ ಹೇಳುತ್ತಿದ್ದದ್ದು ಗಂಡನಿಗೆ. ಥಳಥಳಿಸುವ ಡಯಲ್ಲನ್ನು ಪಕ್ಕಕ್ಕಿಟ್ಟೆ. ಸ್ಟೇಷನ್ ತಿರುಗಿಸುವ ಕಂಡೆನ್ಸರ್ ಹಳೆಯದೇ ಸಾಕೆಂದು ಆರಿಸಿದೆ. ಉಳಿಸಿದ್ದನ್ನೆಲ್ಲ ಒಳ್ಳೆಯ ಟ್ರಾನ್ಸ್‌ಫಾರ್ಮರಿಗೂ ಅದಕ್ಕೆ ಸರಿಹೊಂದುವ ಐದಿಂಚಿನ ಸ್ಪೀಕರಿಗೂ ಹಾಕಿದೆ. ಅವೆರಡು ಕೂಡದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಅಂಗಡಿಯವನೂ ನನ್ನ ಕಡೆ ತಿರುಗಿಯೇ ಮಾತಾಡಿದ.

ಪೆಟ್ಟಿಗೆಯ ಕೆಲಸ ಮಾವನದು. ಅವರದು ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಕಲ್ಲಿನ ವ್ಯಾಪಾರ. “ಕಟ್ಟಿಗಿಗಿ ಗೆದ್ಲ ಹಿಡಿತದ. ಕಲ್ಲಿಗಿ ಏನ್ ಧಾಡಿ?” ಎಂದು ಮುಂಭಾಗಕ್ಕೆ ನುಣ್ಣನೆಯ ಪರಸಿ ತರಿಸಿ, ಸ್ಪೀಕರಿನ ಅಳತೆ ತಾವೇ ತೆಗೆದು, ತೂತು ಕೊರೆಸಿದರು. ಕಲ್ಲಿನವರ ಅಭ್ಯಾಸ ನೋಡಿ, ಕೂರುವ ವಸ್ತುವಿನ ಹೊರ ಅಂಚು ಅಳೆದು, ಕೂದಲೆಳೆ ಹೆಚ್ಚು ಬಿಟ್ಟೇ ಕೊರೆಯುತ್ತಾರೆ. ಸ್ಪೀಕರ್ ಇಟ್ಟರೆ ತೂತಿನಿಂದ ಜಾರಿ ಮಾವನ ಅಂಗೈಗೇ ಬಿತ್ತು. ಸ್ಕ್ರೂ ಹಾಕಲು ಅಂಚೇ ಇರಲಿಲ್ಲ.

ಮೈದುನ ಗೆಳೆಯನ ಹತ್ತಿರವಿದ್ದ ಎಂಟಿಂಚಿನ ಸ್ಪೀಕರನ್ನು ಪುಕ್ಕಟೆ ತಂದ. “ಇದನ್ನ ಹಾಕ್ರಿ ವೈನಿ, ತೂತು ಪೂರಾ ಮುಚ್ತದ.”

ತೂತು ಮುಚ್ಚುತ್ತಿತ್ತು, ನಿಜ. ಆದರೆ ನನ್ನ ಟ್ರಾನ್ಸ್‌ಫಾರ್ಮರಿಗೆ ಅದು ಹೊಂದುತ್ತಿರಲಿಲ್ಲ. ದನಿ ಸೊರಗುತ್ತಿತ್ತು. ಮಾವನ ಕಲ್ಲು ತಪ್ಪಾಗಿದೆ ಎಂದು ಸೊಸೆ ಹೇಗೆ ಹೇಳುವುದು? ಹೆದರಿಕೆಯಾಯಿತು, ಆದರೂ ಹೇಳಿದೆ. “ಮಾವ, ಸ್ಪೀಕರ್ ಬದಲಿ ಮಾಡಾಂಗಿಲ್ರಿ. ತೂತಿನ ಹಿಂದ ಕಟ್ಟಿಗಿದೊಂದು ಬಳಿ ಕೂಡಿಸ್ಬೇಕ್ರಿ.”

ಮರುದಿನ ಮಾವ ಬಡಿಗನಿಂದ ಬಳೆ ಮಾಡಿಸಿ ತಂದು, ನಾನು ಸ್ಪೀಕರನ್ನು ಅದಕ್ಕೆ ಸ್ಕ್ರೂ ಹಾಕಿ ಕೂರಿಸುವವರೆಗೆ ತಾವೇ ಹಿಡಿದುಕೊಂಡು ನಿಂತರು.

ಆ ಮಧ್ಯಾಹ್ನ ಸ್ವಿಚ್ ಒತ್ತಿದೆ. ಮೊದಲು ಗೊರಗೊರ. ಅತ್ತೆ ಡಬ್ಬಿಯ ಕಡೆ ನೋಡಿದರು. ಕಂಡೆನ್ಸರ್ ತಿರುಗಿಸಿದೆ. ಯಾರೋ ಒಬ್ಬಾಕೆ ಹವಾಮಾನ ಹೇಳುತ್ತಿದ್ದಳು, ನಮ್ಮ ಪಡಸಾಲೆಯಲ್ಲೇ ಕೂತು ಹೇಳಿದಷ್ಟು ಸ್ಪಷ್ಟ.

ನೆರೆಯಾಕೆ ಒಳಗೆ ಬಂದು, ಯಾವ ಕಂಪನಿಯದು ಎಂದು ಕೇಳಿದಳು. ಮೈದುನ, ವೈನಿ ಕಟ್ಟಿದ್ದೆಂದು ಹೇಳಲು ನಾಚಿಯೋ ಏನೋ, “ನಮ್ಮಣ್ಣ ಕಟ್ಯಾನ್ರಿ,” ಅಂದ.

“ಅವನಿಗೇನ್ ಬರ್ತದ? ಕಟ್ಟಿದಾಕಿ ನನ್ನ ಸೊಸಿ,” ಅಂದರು ಅತ್ತೆ. “ನಿಮ್ಮ ಮನ್ಯಾಗಿನ ರೇಡಿಯೊ ಕೆಟ್ಟು ಕುಂತದಲಾ, ತರ್ರಿ.”