ಕ್ರಾಸಿನಲ್ಲಿ ನಾನು ಕೇಳಿದ ಪ್ರಶ್ನೆ

ಇದು ಹೋದ ವರ್ಷದ ಬೇಸಿಗೆಯ ಮಾತು. ಅಪರಾಧಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದ ನಾನು ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೆ. ನಮ್ಮದು ಮೂಡಲಗಿ ಹತ್ತಿರದ ಕುಲಗೋಡ. ಕುರಿ ಸಾಕುವ ಮನೆತನ. ಈಗ ಅಪ್ಪ ಒಂದಿಷ್ಟು ಕಬ್ಬನ್ನೂ ಬೆಳೆಯುತ್ತಾರೆ. ನಾನು ಏನು ಓದುತ್ತಿದ್ದೇನೆಂದು ಯಾರಾದರೂ ಕೇಳಿದರೆ ಅವ್ವ, "ಕಳ್ಳರನ್ನ ಹಿಡಿಯೋ ಸಾಲಿ" ಎಂದು ಹೇಳಿ ಮುಗಿಸುತ್ತಿದ್ದಳು. ಪಿಎಸ್‌ಐ ಆಗಬೇಕೆಂಬುದು ನನ್ನ ಆಸೆ. ಬೆಳಿಗ್ಗೆ ಎದ್ದು ಓಡುವುದು, ಆಮೇಲೆ ಪುಸ್ತಕ ಹಿಡಿಯುವುದು, ರಜೆ ಹಾಗೇ ಸಾಗಿತ್ತು.

ನಮ್ಮಕ್ಕನನ್ನು ಹುಕ್ಕೇರಿ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದಾರೆ. ಅವಳನ್ನು ನೋಡಿಕೊಂಡು ಬರೋಣವೆಂದು ಒಂದು ಮಧ್ಯಾಹ್ನ ಗೋಕಾಕದಲ್ಲಿ ಬಸ್ಸು ಬದಲಿಸಿ ಹೊರಟೆ. ದೊಡ್ಡ ರಸ್ತೆಯ ಕ್ರಾಸಿನಲ್ಲಿ ಇಳಿದು ಟಂಟಂ ಆಟೊ ಹಿಡಿಯಬೇಕಿತ್ತು. ಆ ಕ್ರಾಸಿನ ಹೆಸರು ಬೇಡ, ಅಲ್ಲಿಯವರೂ ನಮ್ಮಂಥವರೇ.

ಬಸ್ಸಿಳಿದಾಗ ಚಹಾದಂಗಡಿಯ ಮುಂದೆ ಜನ ಗುಂಪುಗೂಡಿದ್ದರು. ನಡುವೆ ಒಬ್ಬ ಮನುಷ್ಯ, ಅವನ ತೋಳಲ್ಲಿ ಎರಡು-ಮೂರು ವರ್ಷದ ಹೆಣ್ಣುಮಗು. ಮಗು ಒಂದೇ ಸಮನೆ ಅಳುತ್ತ, ಅವನಿಂದ ಬಿಡಿಸಿಕೊಳ್ಳಲು ಕೊಸರಾಡುತ್ತಿತ್ತು. ಅವನ ಅಂಗಿಯ ಗುಂಡಿಗಳು ಕಿತ್ತುಹೋಗಿದ್ದವು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಆ ದಿನಗಳಲ್ಲಿ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಏನು ನಡೆಯುತ್ತಿದೆಯೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

"ಹೆಸರ ಕೇಳಿದ್ರ ಹೇಳವಲ್ಲ. ಬ ಬ ಬ ಅಂತಾನ. ಕಳ್ಳ ಅಲ್ಲದಿದ್ರ ಯಾಕ ತಡವರಸ್ತಾನ?" ಎಂದು ಬಡಿಗೆ ಹಿಡಿದಿದ್ದವನೊಬ್ಬ ಸುತ್ತಲಿನವರಿಗೆ ಹೇಳುತ್ತಿದ್ದ.

ಬದಿಗೆ ಸರಿದು ಪೊಲೀಸರ 112ಕ್ಕೆ ಫೋನ್ ಮಾಡಿದೆ. ಗಾಡಿ ಕಳಿಸುತ್ತೇವೆ ಎಂದರು. ಅಷ್ಟರೊಳಗೆ ಅವನ ಬೆನ್ನಿಗೆ ಒಂದು ಏಟು ಬಿತ್ತು. ಅವನು ಬಗ್ಗಿ ಮಗುವನ್ನು ಎದೆಗೆ ಅವುಚಿಕೊಂಡ. ಏಟು ಮಗುವಿಗೆ ತಾಗದಿರಲೆಂದು ಬಗ್ಗಿದ್ದು ಅದು. ಕಳ್ಳ ಹಾಗೆ ಮಾಡುತ್ತಾನೆಯೇ ಅನ್ನಿಸಿತು. ಮರುಗಳಿಗೆ ನಾನು ಜನರನ್ನು ಸರಿಸಿಕೊಂಡು ಅವನ ಮುಂದೆ ನಿಂತಿದ್ದೆ.

"ನೀ ಯಾರವಾ? ಪೊಲೀಸ್ ಏನು?" ಎಂದರು ಒಬ್ಬ ಹಿರಿಯರು.

ನನ್ನದು ಓಟಕ್ಕೆಂದು ಕತ್ತರಿಸಿದ ಗಿಡ್ಡ ಕೂದಲು, ಕಾಲಲ್ಲಿ ಬೂಟು. ಹೌದು ಎಂದಿದ್ದರೆ ನಂಬುತ್ತಿದ್ದರು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸರಕಾರಿ ನೌಕರರೆಂದು ಸುಳ್ಳು ಹೇಳುವುದೇ ಒಂದು ಅಪರಾಧ. ಪರೀಕ್ಷೆಯಲ್ಲಿ ಅದನ್ನು ಬರೆದು ಬಂದವಳು ನಾನು.

"ಇಲ್ರಿ ಕಾಕಾ. ಅದನ್ನ ಓದಾಕತ್ತೇನ್ರಿ," ಎಂದೆ.

ಯಾರೋ ನಕ್ಕರು. "ಓದಿ ಮುಗಿಸಿ ಬಾ ಹೋಗು," ಎಂದ ಇನ್ನೊಬ್ಬ.

ನಾನು ಆ ಮನುಷ್ಯನ ಕಡೆ ತಿರುಗಿದೆ. ಅವನ ತುಟಿ ಅದುರುತ್ತಿತ್ತು, ಗಂಟಲ ನರ ಉಬ್ಬಿತ್ತು, ಮಾತು ಮಾತ್ರ ಹೊರಡುತ್ತಿರಲಿಲ್ಲ. ನಮ್ಮ ಊರಿನಲ್ಲೂ ಒಬ್ಬರಿಗೆ ಹೀಗೇ ತೊದಲುಂಟು; ಹೆದರಿದರೆ ಒಂದಕ್ಷರವೂ ಬರುವುದಿಲ್ಲ. "ಅಣ್ಣಾ, ಮಾತಾಡಬ್ಯಾಡ್ರಿ. ನಾ ಕೇಳ್ತೀನಿ, ನೀವು ಬರೇ ತಲಿ ಅಲ್ಲಾಡಸ್ರಿ. ಇಕಿ ನಿಮ್ಮ ಮಗಳೇನ್ರಿ?"

ಅವನು ಅಲ್ಲ ಎಂದು ತಲೆಯಾಡಿಸಿದ.

ಗುಂಪು ಒಮ್ಮೆಲೆ ಮೇಲೆ ಬಿತ್ತು. "ನೋಡ್ರಿ, ಅಂವನ ಒಪ್ಪಿಕೊಂಡ. ಮಗಳಲ್ಲಂತ!" ನನ್ನ ಹೆಗಲು ಹಿಡಿದು ಯಾರೋ ಆಚೆ ತಳ್ಳಿದರು. ನನ್ನ ಪ್ರಶ್ನೆಯೇ ಅವನನ್ನು ಕೊಲ್ಲುತ್ತದೆ ಎಂದುಕೊಂಡೆ. ಇಷ್ಟು ವರ್ಷ ಓದಿದ್ದೆಲ್ಲ ತಲೆಯಿಂದ ಹಾರಿಹೋಯಿತು. ಅವನ ತೋಳನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡು ಕೇಳಿದೆ: "ಅಕ್ಕನ ಮಗಳೇನ್ರಿ? ತಂಗಿ ಮಗಳೇನ್ರಿ?"

ಅವನು ತಲೆಯಾಡಿಸಿದ. ಹೌದು, ಹೌದು ಎಂದು ಕತ್ತು ಮುರಿಯುವ ಹಾಗೆ ಆಡಿಸುತ್ತಲೇ ಇದ್ದ.

ಆಗ ಪಕ್ಕದ ಹೊಲಿಗೆ ಅಂಗಡಿಯಿಂದ ಒಬ್ಬ ಹೆಂಗಸು ಹೊರಗೆ ಬಂದಳು. ನಡುವಯಸ್ಸು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. "ಕೂಸು ಬಿಸಲಾಗ ಸಾಯಾಕತ್ತೈತಿ. ನೀವೆಲ್ಲಾ ದೂರ ಸರೀರಿ. ತಂಗಿ, ಇಬ್ಬರನ್ನೂ ಒಳಗ ಕರಕೊಂಡ ಬಾ," ಎಂದಳು. ನಾವು ಒಳಗೆ ಹೋದ ಮೇಲೆ ಬಾಗಿಲಿಗೆ ಅಡ್ಡವಾಗಿ ಸ್ಟೂಲ್ ಹಾಕಿಕೊಂಡು ಕುಳಿತಳು. "ಪೊಲೀಸ್ರ ಬರೂತನಕಾ ಯಾರೂ ಒಳಗ ಬರೂದಿಲ್ಲ. ಬರಾವ್ರು ನನ್ನ ದಾಟಿ ಬರ್ರಿ." ಎಲ್ಲರೂ ಅವಳ ಊರಿನವರೇ. ಯಾರೂ ದಾಟಲಿಲ್ಲ.

ಅವನ ಮೊಬೈಲ್ ಗುಂಪಿನಲ್ಲಿ ಯಾರ ಕೈಯಲ್ಲೋ ಇತ್ತು. ಅವಳು ಗದರಿಸಿ ಅದನ್ನು ಇಸಿದುಕೊಟ್ಟಳು. ಅವನು ಬೆರಳಿಟ್ಟು ತೋರಿಸಿದ ಹೆಸರಿಗೆ ವಿಡಿಯೋ ಕಾಲ್ ಮಾಡಿದೆ. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಇಲ್ಲ. ಹೊರಗೆ ಗದ್ದಲ ಮತ್ತೆ ಏರುತ್ತಿತ್ತು. ಮೂರನೆಯ ಸಲ ಪರದೆಯ ಮೇಲೆ ಆಸ್ಪತ್ರೆಯ ಹಾಸಿಗೆ ಕಾಣಿಸಿತು. ತಲೆಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ, ಪಕ್ಕದಲ್ಲಿ ಹಸುಗೂಸು.

ಮಗು "ಅವ್ವಾ" ಎಂದು ಎರಡೂ ಕೈಯಿಂದ ಮೊಬೈಲ್ ಕಿತ್ತುಕೊಂಡಿತು.

ಹಿಂದಿನ ದಿನವಷ್ಟೇ ಗೋಕಾಕದ ಆಸ್ಪತ್ರೆಯಲ್ಲಿ ಅವನ ತಂಗಿಗೆ ಎರಡನೆಯ ಹೆರಿಗೆಯಾಗಿತ್ತು. ದೊಡ್ಡವಳನ್ನು ನೋಡಿಕೊಳ್ಳುವವರಿಲ್ಲವೆಂದು ಸೋದರಮಾವ ಸಂಕೇಶ್ವರದ ತನ್ನ ಮನೆಗೆ ಕರೆದೊಯ್ಯುತ್ತಿದ್ದ. ಮಗು ಅವ್ವ ಬೇಕೆಂದು ಹಟ ಹಿಡಿದಾಗ ಬಿಸ್ಕತ್ತು ಕೊಡಿಸಲೆಂದು ಆ ಕ್ರಾಸಿನಲ್ಲಿ ಇಳಿದಿದ್ದ. ನಡೆದದ್ದು ಇಷ್ಟೇ.

ಹೊಲಿಗೆಯ ಹೆಂಗಸು ಮೊಬೈಲನ್ನು ಬಾಗಿಲಿಗೆ ತಂದು ಎಲ್ಲರಿಗೂ ಕಾಣುವಂತೆ ಹಿಡಿದಳು. "ನಮ್ಮಣ್ಣಾರಿ ಅಂವ. ಏನೂ ಮಾಡಬ್ಯಾಡ್ರಿ," ಎಂದು ಆ ಬಾಣಂತಿ ಅಳುತ್ತಿದ್ದಳು. ಮುಂದೆ ನಿಂತಿದ್ದವರು ಹಿಂದೆ ಸರಿದರು. ಪೊಲೀಸ್ ಗಾಡಿ ಬರುವ ಹೊತ್ತಿಗೆ ಅರ್ಧ ಜನ ಚದುರಿಹೋಗಿದ್ದರು. ಬಡಿಗೆಯವನೂ ಕಾಣಲಿಲ್ಲ. ನನ್ನನ್ನು ಪೊಲೀಸಾ ಎಂದು ಕೇಳಿದ್ದ ಹಿರಿಯರು ಮಾತ್ರ ಒಳಗೆ ಬಂದು, ಆ ಮನುಷ್ಯನ ಮುಂದೆ ನಿಂತು, "ತಪ್ಪಾತಪ್ಪಾ," ಎಂದರು. ಅವನು ಕೈಮುಗಿದ.

ತನಗೆ ಹೊಡೆದವರ ಮೇಲೆ ಅವನು ದೂರು ಬರೆದುಕೊಟ್ಟ. ನಾನೂ ಕಂಡದ್ದನ್ನು ಹೇಳಿ ಸಹಿ ಮಾಡಿದೆ. ಪೊಲೀಸರೇ ಅವರಿಬ್ಬರನ್ನೂ ಸಂಕೇಶ್ವರಕ್ಕೆ ಬಿಟ್ಟು ಬರುತ್ತೇವೆಂದರು. ಗಾಡಿ ಹತ್ತುವ ಮುಂಚೆ ಅವನು ನನ್ನ ಹತ್ತಿರ ಬಂದು ನಿಂತ. ಏನೋ ಹೇಳಬೇಕಿತ್ತು. ನಾನು ಅವಸರ ಮಾಡದೆ ಕಾದೆ. ಬಹಳ ಹೊತ್ತಿನ ಮೇಲೆ, "ತ... ತಂಗಿ," ಎಂಬ ಒಂದೇ ಮಾತು ಬಂತು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ನನಗೆ ಬಂತು. ಹೊಲಿಗೆಯ ಹೆಂಗಸು ನನ್ನನ್ನು ಮೆಷಿನ್ನಿನ ಪಕ್ಕ ಕೂರಿಸಿ ಚಹಾ ತರಿಸಿಕೊಟ್ಟಳು.

ಮುಂದಿನ ಪಿಎಸ್‌ಐ ಪರೀಕ್ಷೆಗೆ ಈಗಲೂ ಓದುತ್ತಿದ್ದೇನೆ. ಪಾಸಾಗುತ್ತೇನೋ ಇಲ್ಲವೋ ತಿಳಿಯದು. ಆದರೆ ಪ್ರಶ್ನೆ ಕೇಳುವ ಮೊದಲು, ಇದಕ್ಕೆ ಅಲ್ಲ ಎಂಬ ಉತ್ತರ ಬಂದರೆ ಎದುರಿಗಿರುವವನ ಗತಿಯೇನು ಎಂದು ಒಂದು ಗಳಿಗೆ ಯೋಚಿಸುತ್ತೇನೆ. ಇದನ್ನು ನನಗೆ ಯಾವ ಪಾಠವೂ ಕಲಿಸಿರಲಿಲ್ಲ. ಆ ಮಧ್ಯಾಹ್ನ ಕೆಲವೊಮ್ಮೆ ಕನಸಿನಲ್ಲಿ ಬರುತ್ತದೆ. ಎಚ್ಚರವಾದಾಗ ಮೊದಲು ಹೊಳೆಯುವುದು ಒಂದೇ: ಅವನು ಮನೆ ಮುಟ್ಟಿದ. ಆಮೇಲೆ ನಿಶ್ಚಿಂತೆಯಿಂದ ಮಗ್ಗಲು ಬದಲಿಸಿ ಮಲಗುತ್ತೇನೆ.